ಸೀರೆಗೆ ಎರಡು ಇ

ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಹಸಿ ಅರಿವೆಯಿಂದ ಕರಿಹಲಗೆಯ ಮೇಲಿನ ಬನಹಟ್ಟಿ ಬಸ್ಸನ್ನು ಒರೆಸಿ ತೆಗೆಯುತ್ತಿದ್ದಾಗ, ನಿನ್ನೆ ತಾನೊಂದು ಸರಿಯಾದ ಶಬ್ದಕ್ಕೆ ತಪ್ಪು ಹಾಕಿದ್ದು ಸುವರ್ಣಾಗೆ ಗೊತ್ತಾಯಿತು. ಮೊದಲು ಎಂಟು ಹೋಯಿತು, ಆಮೇಲೆ ಹತ್ತು, ಆಮೇಲೆ ಊರು. ಒದ್ದೆ ಹಲಗೆಯ ಮೇಲೆ ಏನೂ ಉಳಿಯದಿದ್ದಾಗ ತಲೆಯೊಳಗೆ ಆ ಶಬ್ದ ತಾನಾಗಿ ಬಂದು ನಿಂತಿತು. ಇರೇಸ್. ಇ, ಆರ್, ಎ, ಎಸ್, ಇ. ಬೆರಳು ಮಡಚಿ ಎಣಿಸಿದಳು. ಐದೂ ಇದ್ದವು. ಹೆಚ್ಚಿಲ್ಲ, ಕಡಿಮೆಯಿಲ್ಲ. "ಎಂಟೂ ಹತ್ತರದು ಕ್ಯಾನ್ಸಲ್ ಆಗೇತ್ರಿ, ಎಂಟೂ ನಲವತ್ತಕ್ಕ ಬರತೈತಿ" ಎಂದು ಕಂಟ್ರೋಲರ್ ಯಾರಿಗೋ ಹೇಳುತ್ತಿದ್ದ. ಸುವರ್ಣಾ ತಲೆಯಾಡಿಸಿದಳು. ಯಾರು ಏನು ಹೇಳಿದರೂ ತಲೆಯಾಡಿಸುವುದು ಎರಡು ವರ್ಷದಿಂದ ಅವಳಿಗೆ ರೂಢಿಯಾಗಿತ್ತು. ಅದರಿಂದ ಮಾತು ಬೇಗ ಮುಗಿಯುತ್ತಿತ್ತು.

ಶಬ್ದ ಅವಳದಲ್ಲ, ರೇಷ್ಮಾಳದು. ಏಳನೆಯ ಇಯತ್ತೆಯ ಹುಡುಗಿ, ಬನಹಟ್ಟಿಯ ಪಾವರ್‌ಲೂಮಿನಲ್ಲಿ ನೇಯುವವರ ಮಗಳು. ಸ್ಪರ್ಧೆ ಮಾತ್ರ ಚನಮಲ್ಲಪ್ಪ ಸಾಹುಕಾರರದು. ಅವರು ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವರು. ಸುವರ್ಣಾ ಇಂಗ್ಲಿಷ್ ಕಲಿಸುವ ಶಾಲೆಯ ಆಡಳಿತ ಮಂಡಳಿಗೆ ಅಧ್ಯಕ್ಷರು. ಅಂಗಡಿಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಮಕ್ಕಳ ಇಂಗ್ಲಿಷ್ ಸುಧಾರಿಸಬೇಕೆಂದು ಅವರಿಗೆ ಹೊಳೆಯಿತು. ಒಂದು ಶಬ್ದ ಕೊಡುವುದು, ಅದರ ಅಕ್ಷರಗಳಿಂದ ಹುಡುಗರು ಎಷ್ಟು ಶಬ್ದ ಕಟ್ಟುತ್ತಾರೋ ನೋಡುವುದು. ಯಾವ ಶಬ್ದ ಎಂದು ಹೆಡ್‌ಮಾಸ್ತರ್ ವಿಠೋಬಾ ಕೇಳಿದ್ದಕ್ಕೆ ಸಾಹುಕಾರರು ಅವರನ್ನು ಕರುಣೆಯಿಂದ ನೋಡಿದ್ದರು. "ಸೀರಿ ಬಿಟ್ಟು ಮತ್ತ್ಯಾವ ಶಬ್ದ ಐತ್ರಿ ನಮ್ಮೂರಾಗ?" ಸುವರ್ಣಾ ಕಾಗದದ ಮೇಲೆ ಸ್ಯಾರಿ ಎಂದು ಬರೆದು ಕೊಟ್ಟಳು, ಕೊನೆಗೆ ಒಂದೇ ಐ. ಅದನ್ನು ಅವರು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು.

"ಇದೇನ್ರಿ ಮೇಡಂ, ನಮ್ಮ ಸೀರಿ ಹರದು ಬಿಟ್ಟೀರಿ. ಬೋರ್ಡಿನ್ಯಾಗ ಎರಡು ಇ ಅದಾವು."

"ಎರಡೂ ಸರಿ ರೀ ಸರ. ಡಿಕ್ಷನರಿಯೊಳಗ ಮೊದಲು ಇದು ಬರತೈತಿ."

"ಡಿಕ್ಷನರಿ ಬರದವ್ರು ಸೀರಿ ಉಟ್ಟಾರೇನ್ರಿ? ಒಂದ ಐ ಹಾಕಿದ್ರ ಗಿರಾಕಿಗೆ ಅರ್ಧ ಮೊಳ ಕಡಿಮಿ ಕೊಟ್ಟಂಗ ಕಾಣತೈತಿ. ಎರಡು ಇ ಹಾಕ್ರಿ, ಸೆರಗು ಉದ್ದ ಬರಲಿ."

ವಿಠೋಬಾ ನಕ್ಕರು. ಅವಳು ಎರಡು ಇ ಹಾಕಿದಳು. ಹಾಕುವಾಗ ಕೈ ಒಂದು ಕ್ಷಣ ನಿಂತಿತು, ಆದರೆ ಅದು ಅವರಿಗೆ ಕಾಣಲಿಲ್ಲ. ಆಮೇಲೆ ಮೂರು ಸಂಜೆ ಕೂತು ಉತ್ತರಗಳ ಪಟ್ಟಿ ಮಾಡಿದಳು. ಕಿವಿ, ಸಮುದ್ರ, ಯುಗ, ನೆಮ್ಮದಿ, ದಾರ್ಶನಿಕ. ಒಂದು ಸೀರೆಯೊಳಗೆ ಇಂಗ್ಲಿಷಿನವರು ಇಷ್ಟೆಲ್ಲ ಮಡಚಿಟ್ಟಿದ್ದರು. ಒಟ್ಟು ಹನ್ನೊಂದಾದವು. ಕೊಟ್ಟ ಐದೂ ಅಕ್ಷರ ಬಳಸಿ ಬೇರೊಂದು ಶಬ್ದ ಮಾಡಿದವರಿಗೆ ಒಂದರ ಬದಲು ಐದು ಅಂಕ ಎಂಬ ನಿಯಮವನ್ನು ವಿಠೋಬಾ ತಾವೇ ಸೇರಿಸಿದರು, ಸಾಹುಕಾರರಿಗೆ ಕೇಳಲಿಕ್ಕೆ ಚೆಂದ ಎಂದು. "ಕೊಡೂ ಪ್ರಸಂಗ ಬರೂದಿಲ್ಲಲ್ರಿ ಮೇಡಂ?" "ಅಂಥ ಶಬ್ದ ಇಲ್ರೀ ಸರ." ಧಾರವಾಡದಲ್ಲಿ ಎಂ.ಎ. ಮಾಡಿದ ಬಾಯಿಂದ ಬಂದದ್ದರಿಂದ ಅದು ಅಲ್ಲಿಗೆ ಮುಗಿಯಿತು. ನಿನ್ನೆ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ನಲವತ್ತು ಹಾಳೆ ತಿದ್ದಿದಳು. ಒಬ್ಬ ಅರೇ ಎಂದು ಬರೆದು ಮುಂದೆ 'ಆಶ್ಚರ್ಯ' ಎಂದು ಅರ್ಥ ಕೊಟ್ಟಿದ್ದ. ಇನ್ನೊಬ್ಬ ತನ್ನ ಅಜ್ಜಿಯ ಹೆಸರು ಬರೆದಿದ್ದ. ಕೊನೆಗೆ ಇಬ್ಬರು ಉಳಿದರು, ರೇಷ್ಮಾ ಮತ್ತು ಸಾಹುಕಾರರ ಮೊಮ್ಮಗ ಅಜಯ. ಇಬ್ಬರದೂ ಹತ್ತು ಹತ್ತು ಶಬ್ದ. ಇಬ್ಬರ ಹತ್ತನೆಯದೂ ಪಟ್ಟಿಯಲ್ಲಿರಲಿಲ್ಲ. ಅಜಯನ ಹತ್ತನೆಯದನ್ನು ಓದಿದಳು, ಕಿವಿ ಬಿಸಿಯಾಗಿ ತಪ್ಪು ಹಾಕಿದಳು. ರೇಷ್ಮಾಳದನ್ನು ಓದಲೂ ಇಲ್ಲ. ಪಟ್ಟಿ ನೋಡಿದಳು, ಇರಲಿಲ್ಲ, ಕೆಂಪು ಪೆನ್ನು ತಾನೇ ಅಡ್ಡ ಎಳೆಯಿತು. ಒಂಬತ್ತಕ್ಕೆ ಒಂಬತ್ತು ಸಮ ಬಂದದ್ದರಿಂದ ಅಕ್ಷರ ದುಂಡಗಿದ್ದ ಅಜಯ ಮೊದಲನೆಯವನಾದ. ಇವತ್ತು ಹನ್ನೊಂದಕ್ಕೆ ಬಹುಮಾನ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮೂರು ಸಂಜೆ ಐದೇ ಅಕ್ಷರ ಹಿಡಿದು ಕೂತವಳಿಗೆ, ಅವನ್ನು ಹೆಣೆದು ಬಿಚ್ಚಿ ಮಾಡಿದವಳಿಗೆ ಕಾಣದ್ದು ಹನ್ನೆರಡು ವರ್ಷದ ಹುಡುಗಿಗೆ ಕಂಡದ್ದು ಹೇಗೆ. ಗೊತ್ತಿಲ್ಲದ ಶಬ್ದವೇನಲ್ಲ. ದಿನಕ್ಕೆ ಹತ್ತು ಸಲ ಹುಡುಗರಿಗೆ ಹೇಳುವ ಶಬ್ದ. ಅಳಿಸು, ಬೋರ್ಡ್ ಅಳಿಸು. ಅಳಸ್ರೇ ಅಕೀನ್ನ, ಎಂದಿದ್ದಳು ಎರಡು ವರ್ಷದ ಹಿಂದೆ ದೂರದ ಸಂಬಂಧದ ಒಬ್ಬ ಮುದುಕಿ. ಜ್ಞಾನೇಶ್ವರನನ್ನು ತಂದು ಪಡಸಾಲೆಯಲ್ಲಿ ಮಲಗಿಸಿದ್ದರು. ಅವಳ ಗಂಡ ಅವನು, ನೀರಾವರಿ ಇಲಾಖೆಯ ಗುಮಾಸ್ತ. ಮೂಗಿನಲ್ಲಿ ಹತ್ತಿ ತುರುಕಿದ್ದರಿಂದ ಯಾರೋ ಬೇರೆಯವನ ಹಾಗೆ ಕಾಣುತ್ತಿದ್ದ. ಸುತ್ತ ಹೆಂಗಸರು. ಅಳಸ್ರೇ ಅಕೀನ್ನ, ಅಳಲಿಲ್ಲಂದ್ರ ಎದಿ ಒಡಕೊಂಡು ಹೋಗತಾಳ. ಒಬ್ಬಳು ತೋಳು ಚಿವುಟಿದಳು. ಇನ್ನೊಬ್ಬಳು ಮುಖವನ್ನು ಎರಡೂ ಕೈಯಿಂದ ಹಿಡಿದು ಶವದ ಕಡೆ ತಿರುಗಿಸಿದಳು, ನೋಡ ನೋಡ ಎಂದಳು. ಸಂಜೆ ಮಣ್ಣು ಮಾಡಿ ಬಂದ ಮೇಲೆ ಅದೇ ಮುದುಕಿ ತಂಬಿಗೆಯ ನೀರು ಹಿಡಿದು ಬಂದು ಅದೇ ಮಾತನ್ನು ಮತ್ತೆ ಹೇಳಿದಳು, ಅಳಸ್ರಿ. ಈ ಸಲ ಯಾವುದನ್ನು ಎಂದು ಸುವರ್ಣಾ ವಿಚಾರ ಮಾಡಿದ್ದಳು. ಕುಂಕುಮವನ್ನೋ, ತನ್ನನ್ನೋ. ಒಂದೇ ಕ್ರಿಯಾಪದಕ್ಕೆ ಎರಡು ಧಾತು. ಪರೀಕ್ಷೆಯಲ್ಲಿ ಇದು ಐದು ಅಂಕದ ಪ್ರಶ್ನೆಯಾಗಬಹುದು ಎಂದು ಕೂಡ ಅನಿಸಿತ್ತು. ಅಂಥ ಹೊತ್ತಿನಲ್ಲಿ ಅಂಥದು ಅನಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಹಣೆಯ ಮೇಲೆ ತಣ್ಣಗಿನ ಹೆಬ್ಬೆರಳು ಹರಿದಾಡಿತು. ಎರಡರಲ್ಲಿ ಒಂದು ಆಯಿತು, ಇನ್ನೊಂದು ಆಗಲಿಲ್ಲ. "ಬಿಡ್ರೆ ಅಕೀನ್ನ" ಎಂದು ಅತ್ತೆ ಯಂಕವ್ವ ಒಳಗಿನಿಂದ ಗದರಿದ್ದಳು. "ಅಳೂದು ಸಾಲಿ ಪಾಠ ಏನು, ಎಲ್ಲಾರೂ ಕೂಡಿ ಹೇಳಿಕೊಡಾಕ?"

ಬ್ಯಾಗಿನೊಳಗಿನ ಮೊಬೈಲು ಜ್ಞಾನೇಶ್ವರನದು. ಪೋಲೀಸರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟದ್ದು, ಒಂದು ಗೀರು ಸಹ ಬಿದ್ದಿರಲಿಲ್ಲ. ಚಿಕ್ಕಪಡಸಲಗಿಯಿಂದ ಬೈಕ್ ಹತ್ತುವ ಮುಂಚೆ ಅವನು ಇಂಗ್ಲಿಷಿನಲ್ಲಿ ಮೆಸೇಜ್ ಹಾಕಿದ್ದ, ಎಂಟಕ್ಕೆ ರೀಚ್ ಆಗುತ್ತೇನೆ ಎಂದು. ರೀಚಿಗೆ ಎರಡು ಇ ಹಾಕಿದ್ದ. ಎಂ.ಎ. ಓದಿದ ಹೆಂಡತಿಗೆ ಇಂಗ್ಲಿಷಿನಲ್ಲೇ ಬರೆಯಬೇಕೆಂದು ಅವನಿಗೆ ಒಂದು ಹುಚ್ಚು, ಪ್ರತಿ ಸಲ ತಪ್ಪು ಮಾಡುತ್ತಿದ್ದ, ಅವಳು ಪ್ರತಿ ಸಲ ತಿದ್ದುತ್ತಿದ್ದಳು. ಅವತ್ತು ತಿದ್ದಲು ಪೂರ್ತಿ ಶಬ್ದ ಸಹ ಖರ್ಚು ಮಾಡಲಿಲ್ಲ. ಎರಡನೆಯ ಇ ತಪ್ಪು, ಅಲ್ಲಿ ಎ ಬರಬೇಕು. ಆದ್ದರಿಂದ ಬರೀ ಎ ಎಂದು ಕಳಿಸಿದಳು. ಒಂದು ಅಕ್ಷರ. ಜೋಪಾನ ಅಲ್ಲ, ಬರ್ರಿ ಅಲ್ಲ, ಎ. ದಾರಿಯಲ್ಲಿ ಲೈಟಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರು. ಆಮೇಲೆ ಚೀಲ ಬಿಚ್ಚಿ ನೋಡಿದಾಗ ಅವಳ ಎ ಮುಂದಿನ ಲಕೋಟೆಯ ಚಿತ್ರ ತೆರೆದಿತ್ತು. ಓದಿದ್ದ. ಗಾಡಿ ಹತ್ತುವ ಮುಂಚೆಯೋ, ಹತ್ತಿದ ಮೇಲೋ, ಯಾವ ಲಕೋಟೆಯೂ ಅದನ್ನು ಹೇಳುವುದಿಲ್ಲ. ಅವಳು ಯಾರಿಗೂ ಹೇಳಿಲ್ಲ. ದಿನಾ ಒಮ್ಮೆ ಆ ಮೆಸೇಜನ್ನು ತೆರೆಯುತ್ತಾಳೆ, ಕೆಳಗಿನ ಗುಂಡಿ ಒತ್ತುತ್ತಾಳೆ, ಒಂದರ ಕೆಳಗೊಂದು ಮೂಡುವ ಸಾಲುಗಳನ್ನು ಓದದೆ ಹಿಂದಕ್ಕೆ ಬರುತ್ತಾಳೆ. ಸಾಹುಕಾರನಿಗೆ ಎರಡನೆಯ ಇ ಎಷ್ಟು ಸುಲಭವಾಗಿ ಬಿಟ್ಟುಕೊಟ್ಟಳು. ಬಸ್ಸು ಬನಹಟ್ಟಿಯೊಳಗೆ ಬಂದಿತ್ತು. ಎರಡೂ ಕಡೆ ಮನೆಗಳ ಒಳಗಿಂದ ಮಗ್ಗಗಳ ಖಟಖಟ. ಇಡೀ ಊರು ಹಲ್ಲು ಕಡಿಯುತ್ತ ದುಡಿಯುವ ಹಾಗೆ ಕೇಳುತ್ತಿತ್ತು.

ವಿಠೋಬಾ ಆಫೀಸಿನಲ್ಲಿ ಸರ್ಟಿಫಿಕೇಟುಗಳನ್ನು ಜೋಡಿಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಬಿಲ್ಲೆ. ಅವಳನ್ನು ನೋಡಿ ಸಂತೋಷಪಟ್ಟರು.

"ಸರ, ನನ್ನ ಲಿಸ್ಟಿನ್ಯಾಗ ಒಂದು ಶಬ್ದ ಬಿಟ್ಟೈತ್ರಿ."

"ಗೊತ್ತಾಗೇತ್ರಿ ಮೇಡಂ. ನಿನ್ನಿ ನಾನೂ ಡಿಕ್ಷನರಿ ತಗದು ನೋಡೇನಿ. ಇರಲಿ, ಮನಷ್ಯಾ ಅಂದ ಮ್ಯಾಲೆ ತಪ್ಪು ಆಗತಾವು."

ಇಷ್ಟು ಸುಲಭವಾಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಅವರು ಇಂಗ್ಲಿಷ್-ಕನ್ನಡ ಡಿಕ್ಷನರಿಯನ್ನು ಗುರುತಿಟ್ಟ ಕಡೆ ತೆರೆದು ಅವಳ ಮುಂದೆ ತಿರುಗಿಸಿದರು. ಬೆರಳಿಟ್ಟದ್ದು ಇ ಅಕ್ಷರದ ಪುಟದಲ್ಲಿ ಅಲ್ಲ, ಎ ಅಕ್ಷರದ ಪುಟದಲ್ಲಿ. ಅಜಯನ ಶಬ್ದದ ಮೇಲೆ.

"ಎ, ಆರ್, ಎಸ್, ಇ. ಹುಡುಗ ಖರೆ ಬರದಾನ. ನೀವು ತಪ್ಪು ಹಾಕೀರಿ. ನೋಡ್ರಿ, ಇಲ್ಲೈತಿ. ಪೃಷ್ಠ."

"ಸರ, ಅದು..."

"ಪೃಷ್ಠ ಅಂದ್ರ ಪುಸ್ತಕದ ಪುಟ. ಮರಾಠಿಯೊಳಗ ಹಂಗ ಅಂತಾರ. ನಾ ಮಿರಜದಾಗ ಕಲತಾಂವ, ನನಗ ಗೊತ್ತಿಲ್ಲೇನ್ರಿ."

"ಇದು ಬ್ಯಾರೇ ಪೃಷ್ಠ ರೀ ಸರ."

"ಪೃಷ್ಠದಾಗ ಬ್ಯಾರೇ ಬ್ಯಾರೇ ಇರತಾವೇನ್ರಿ?"

ಸುವರ್ಣಾ ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದಳು. ಒಬ್ಬ ಗಂಡಸಿಗೆ, ಅದರಲ್ಲೂ ಎದೆಗೆ ಬಿಲ್ಲೆ ಚುಚ್ಚಿಕೊಂಡವನಿಗೆ, ಇದನ್ನು ಯಾವ ಭಾಷೆಯಲ್ಲಿ ಹೇಳುವುದು. "ಹಿಂದಿನದು ರೀ" ಎಂದಳು.

"ಹಿಂದಿನ ಪುಟ. ಅದನ್ನ ನಾ ಹೇಳಾಕತ್ತೇನಿ." ವಿಠೋಬಾ ಡಿಕ್ಷನರಿ ಮುಚ್ಚಿದರು. "ಹಂಗಾರ ಅಜಯಂದು ಹತ್ತಾದುವು. ಇನ್ನ ಅಕ್ಷರ ದುಂಡಗ ಅದಾವು ಅನ್ನೂ ನೆವಾನೂ ಬ್ಯಾಡ. ಸಾಹುಕಾರ್ರಿಗೆ ರಾತ್ರಿನ ಫೋನ್ ಮಾಡಿ ಹೇಳೇನಿ."

ಅವಳು ಅವರ ಕೈಯಿಂದ ಡಿಕ್ಷನರಿ ತೆಗೆದುಕೊಂಡು ಬೇರೆ ಪುಟ ತೆರೆದಳು, ಪಕ್ಕದಲ್ಲಿ ರೇಷ್ಮಾಳ ಹಾಳೆ ಇಟ್ಟಳು. ಪೆನ್ಸಿಲಿನ ಅಕ್ಷರ, ಅದರ ಮೇಲೆ ತನ್ನ ಕೆಂಪು ಗೆರೆ. ವಿಠೋಬಾ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಎಣಿಸಿದರು. ಎರಡನೆಯ ಸಲ ಹಿಂದಿನಿಂದ ಎಣಿಸಿದರು.

"ಅಂಥ ಶಬ್ದ ಇಲ್ಲಂತ ನೀವ ಹೇಳಿದ್ರಿ."

"ಹೇಳಿದ್ದೆ. ತಪ್ಪಾತು ರೀ. ಇದಕ್ಕ ಐದು ಅಂಕ."

ಅವರು ಎದ್ದು ಹೋಗಿ ಬಾಗಿಲು ಓರೆ ಮಾಡಿ ಬಂದರು. "ಸರ್ಟಿಫಿಕೇಟ್ ಬರದಾಗೇತ್ರಿ. ಸಾಹುಕಾರ್ರ ಮನಿಯವ್ರೆಲ್ಲಾ ಮುಂದಿನ ಸಾಲಿನ್ಯಾಗ ಕುಂತಾರ. ಒಳಗಿಂದೊಳಗ ಇರಲಿ. ಹುಡುಗಿಗೆ ಒಂದು ಕಂಪಾಸ್ ಪೆಟಗಿ ಕೊಡೂಣು, ಖುಷಿ ಆಗತೈತಿ." ಮೇಜಿನ ಮೇಲಿನ ಹಳದಿ ಫೈಲನ್ನು ಅವಳ ಕಡೆ ಅರ್ಧ ಸರಿಸಿದರು. "ನಿಮ್ಮ ಪರ್ಮನಂಟ್ ಆರ್ಡರ್. ಟೈಪ್ ಆಗೇತಿ. ಸಾಹುಕಾರ್ರ ಸಹಿ ಒಂದ ಬಾಕಿ, ಫಂಕ್ಷನ್ ಮುಗದ ಕೂಡ್ಲೇ ಮಾಡಸ್ತೇನಿ. ನಿಮ್ಮ ಮರ್ಯಾದಿ ಸಲುವಾಗಿ ಹೇಳಾಕತ್ತೇನ್ರಿ ಮೇಡಂ. ನಿಮ್ಮಂಥವ್ರು ಸ್ಟೇಜಿನ ಮ್ಯಾಲೆ ನಿಂತು ನಂದು ತಪ್ಪಂದ್ರ ಹೆಂಗ?"

ನಿಮ್ಮಂಥವರು ಎಂದರೆ ಎಂ.ಎ. ಆದವರೋ, ಗಂಡ ಸತ್ತವರೋ. ತಲೆಯಾಡಿಸಿದಳು. ಮಾತು ಮುಗಿಯಿತೆಂದು ವಿಠೋಬಾ ನೆಮ್ಮದಿಯಿಂದ ಉಸಿರುಬಿಟ್ಟು, ಹೊರಡುವಾಗ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದರು: "ಅಂದಂಗ, ಇವತ್ತ ಲೇಡೀಸ್ ಸ್ಟಾಫಿಗೆಲ್ಲಾ ಸಾಹುಕಾರ್ರು ಒಂದೊಂದು ಸೀರಿ ಕೊಟ್ಟು ಉಡಿ ತುಂಬತಾರ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ, ನಿಮಗ ಬ್ಯಾರೇ ವ್ಯವಸ್ಥಾ ಮಾಡ್ಯಾರ."

ವ್ಯವಸ್ಥೆ ಏನೆಂದು ವೇದಿಕೆಯ ಮೇಲೆ ತಿಳಿಯಿತು. ಶಾಲೆಯ ಅಂಗಳದಲ್ಲಿ ಪೆಂಡಾಲು. ಗಂಡಸರು ಒಂದು ಕಡೆ, ಮಗ್ಗ ಬಿಟ್ಟು ಬಂದ ಹೆಂಗಸರು ಇನ್ನೊಂದು ಕಡೆ. ನಾಲ್ಕು ಮಂದಿ ಶಿಕ್ಷಕಿಯರನ್ನು ಹೆಸರು ಹಿಡಿದು ಕರೆದು, ಅರಿಷಿಣ ಕುಂಕುಮ ಹಚ್ಚಿ, ಸೆರಗೊಡ್ಡಿಸಿಕೊಂಡು ಸೀರೆ, ಖಣ, ಕಾಯಿ ಹಾಕಿದರು. ಕುಂಕುಮದ ತಟ್ಟೆ ಹಿಡಿದ ಸಾಹುಕಾರರ ಸೊಸೆ ಸಾಲಿನ ಕೊನೆಗೆ ಬಂದಳು, ಸುವರ್ಣಾಳ ಮುಂದೆ ಒಂದು ಹೆಜ್ಜೆ ತಡೆದಳು, ಬಿಸಿ ಪಾತ್ರೆ ದಾಟಿಸುವ ಹಾಗೆ ತಟ್ಟೆಯನ್ನು ಎತ್ತರಕ್ಕೆ ಹಿಡಿದು ಪಕ್ಕಕ್ಕೆ ಸರಿದಳು. ಆಕೆಯದೇನೂ ತಪ್ಪಿಲ್ಲ, ಎಲ್ಲಿ ಸೊಕ್ಕಿದಂತೆ ಕಂಡೀತೋ ಎಂದು ಸಣ್ಣಗೆ ನಗಲೂ ನೋಡಿದಳು. ಆಮೇಲೆ ಚನಮಲ್ಲಪ್ಪ ಸಾಹುಕಾರರೇ ಎದ್ದು ಬಂದು, ಮೈಕಿನಲ್ಲಿ ವಿಶೇಷ ಸತ್ಕಾರ ಎಂದು ಹೇಳಿಸಿ, ಪಾಕೀಟೊಂದನ್ನು ಅವಳ ಕೈಯಲ್ಲಿಟ್ಟರು. ಸೊಲ್ಲಾಪುರ ಚಾದರ. ಪ್ಲಾಸ್ಟಿಕ್ಕಿನ ಮೇಲೆ ಚೀಟಿ ಇತ್ತು, ಸಿಂಗಲ್ ಎಂದು. ಸೀರೆಯ ಅಕ್ಷರಗಳನ್ನು ಮೂರು ಸಂಜೆ ಬಿಚ್ಚಿ ಕಟ್ಟಿದವಳಿಗೆ ಹೊದಿಕೆ. ಅಳತೆ ಸಹ ವಿಚಾರ ಮಾಡಿಯೇ ತರಿಸಿದ್ದಾರೆ ಎಂದುಕೊಂಡಳು. ಒಬ್ಬ ವ್ಯಾಪಾರಸ್ಥನ ಕನಿಕರ ಇದಕ್ಕಿಂತ ಕರಾರುವಾಕ್ಕಾಗಿರಲು ಸಾಧ್ಯವಿಲ್ಲ.

ಸಾಹುಕಾರರು ಮಾತಿಗೆ ನಿಂತರು. ಇಂಗ್ಲಿಷ್ ಇಲ್ಲದೆ ಇನ್ನು ಮುಂದೆ ಮಗ್ಗ ಸಹ ತಿರುಗುವುದಿಲ್ಲ ಎಂದರು. ಆಮೇಲೆ ಮೊಮ್ಮಗನ ವಿಷಯಕ್ಕೆ ಬಂದರು. "ನಮ್ಮ ಅಜ್ಯಾ ಸೀರಿಯೊಳಗಿಂದ ಪುಸ್ತಕದ ಪುಟ ತಗದಾನ. ಎಂ.ಎ. ಆದ ಮೇಡಂ ಅವ್ರಿಗೂ ಹೊಳದಿದ್ದಿಲ್ಲ. ಎ, ಆರ್, ಎಸ್, ಇ. ಈ ದೀಪಾವಳಿಗೆ ನಮ್ಮ ಅಂಗಡಿ ಕೈಚೀಲದ ಮ್ಯಾಲೆ ಹಾಕಿಸ್ತೇನಿ. ಒಂದು ಬದಿಗೆ ಸೀರಿ, ಇನ್ನೊಂದು ಬದಿಗೆ ಅಜ್ಯಾನ ಶಬ್ದ. ಎಲ್ಲಾರ ಕೈಯಾಗ ವಿದ್ಯಾ ಅಡ್ಡಾಡಲಿ." ಚಪ್ಪಾಳೆ ಬಿತ್ತು. ವಿಠೋಬಾ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು. ಸುವರ್ಣಾ ಬಾಯಿ ತೆರೆದಳು. ಬನಹಟ್ಟಿಯಿಂದ ಮುಧೋಳದವರೆಗೆ, ಬೀಳಗಿಯ ಸಂತೆಯವರೆಗೆ, ಆ ಚೀಲ ಹಿಡಿದು ಹೋಗುವ ಸಾವಿರ ಕೈಗಳು ಕಣ್ಣಿಗೆ ಕಂಡವು. ಒಂದು ಮಾತು ಹೇಳಿದರೆ ಸಾಕಿತ್ತು. ಹುಟ್ಟಿದಾಗಿನಿಂದ ಕಂಡವರ ತಪ್ಪು ತಿದ್ದಿದವಳು ಅವಳು. ಬಾಯಿ ಮುಚ್ಚಿದಳು. ತಿದ್ದದೆ ಬಿಟ್ಟರೆ ಹೀಗೆ ಇರುತ್ತದೆಯೇ ಎಂದು ಸ್ವಲ್ಪ ಬೆರಗಾಯಿತು, ನಾಲಿಗೆ ಹಗುರಾಗಿತ್ತು.

"ಈಗ ನಮ್ಮ ಸುವರ್ಣಾ ಮೇಡಂ ಅವ್ರು ರಿಜಲ್ಟ್ ಓದತಾರ" ಎಂದರು ವಿಠೋಬಾ, ಟೈಪಾದ ಕಾಗದ ಅವಳಿಗೆ ಕೊಡುತ್ತ. ಕೊಡುವಾಗ ಕಾಗದವನ್ನು ಒಂದು ಕ್ಷಣ ಬಿಡಲಿಲ್ಲ.

ಅವಳು ಚಾದರವನ್ನು ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ನಿಂತಳು. ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ರೇಷ್ಮಾ ಕೂತಿದ್ದಳು, ಪಕ್ಕದಲ್ಲಿ ತಾಯಿ ಇರಬೇಕು, ತಲೆಗೂದಲಲ್ಲಿ ನೂಲಿನ ಬಿಳಿ ತುಣುಕು ಹಾಗೇ ಇತ್ತು. ಹುಡುಗಿ ಅಜಯನ ಕಡೆ ನೋಡುತ್ತಿರಲಿಲ್ಲ, ತನ್ನ ಕೈಬೆರಳು ಮಡಚಿ ಬಿಚ್ಚಿ ಏನೋ ಎಣಿಸುತ್ತಿದ್ದಳು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ತಾನು ಎಣಿಸಿದ್ದನ್ನೇ.

"ಓದೂಕಿಂತ ಮೊದಲ ಒಂದು ಮಾತು ಹೇಳಬೇಕ್ರಿ" ಎಂದಳು. ಮೈಕಿನಲ್ಲಿ ತನ್ನ ದನಿ ದೊಡ್ಡದಾಗಿ ಕೇಳಿ ಗಾಬರಿಯಾಯಿತು. "ನಾ ಮಾಡಿದ ಲಿಸ್ಟು ತಪ್ಪೈತಿ. ಅಜಯಂದು ಹತ್ತು ಅಂಕ, ಅದು ಖರೆ. ಆದ್ರ ರೇಷ್ಮಾ ಐದೂ ಅಕ್ಷರದ ಶಬ್ದ ಬರದಾಳ. ಅಕಿ ಒಂಬತ್ತು, ಅದಕ್ಕ ಐದು, ಹದಿನಾಲ್ಕು. ಅಕಿ ಮೊದಲನೇದಾಕಿ. ನಿನ್ನಿ ನಾ ಓದದ ತಪ್ಪು ಹಾಕಿದ್ದೆ."

ವಿಠೋಬಾ ಕೆಮ್ಮಿದರು. ವೇದಿಕೆಯ ಮೂಲೆಯಲ್ಲಿ ಸ್ವಾಗತ ಎಂದು ಬರೆದ ಕರಿಹಲಗೆ ಇತ್ತು. ಅವಳು ಹೋಗಿ, ಸ್ವಾಗತದ ಕೆಳಗೆ ಸೀಮೆಸುಣ್ಣದ ಖಡುವಿನಿಂದ ಐದು ಅಕ್ಷರ ಬರೆದಳು, ಎರಡು ಇ ಸಮೇತ. ಅದರ ಕೆಳಗೆ ಅವೇ ಐದನ್ನು ಬೇರೆ ಕ್ರಮದಲ್ಲಿ ಬರೆದಳು. ಮೇಲಿನದರಿಂದ ಕೆಳಗಿನದಕ್ಕೆ ಒಂದೊಂದೇ ಗೆರೆ ಎಳೆದಳು. ಗೆರೆಗಳು ಒಂದರ ಮೇಲೊಂದು ಹಾಯ್ದು ಗೋಜಲಾದವು.

"ಅಂದ್ರ ಏನ್ರಿ ಅದು?" ಎಂದು ಸಾಹುಕಾರರು ಕೂತಲ್ಲಿಂದಲೇ ಕೇಳಿದರು.

"ಅಳಸೂದು ರೀ."

"ಅಳಸೂದ? ಯಾರನ್ನ?" ಗಂಡಸರ ಕಡೆ ನಗೆ ಎದ್ದಿತು. ನಗೆ ತಮ್ಮ ಪರ ಎಂದು ತಿಳಿದು ಸಾಹುಕಾರರು ಇನ್ನಷ್ಟು ದನಿ ಏರಿಸಿದರು. "ಇಪ್ಪತ್ತೈದು ವರ್ಷ ಆತು, ನಮ್ಮ ಸೀರಿ ಉಟ್ಟವ್ರು ಯಾರೂ ಅತ್ತಿಲ್ರೀ ಮೇಡಂ."

"ನೇದವ್ರು ಅತ್ತಾರ್ರೀ ಸಾಹುಕಾರ್ರ" ಎಂದು ಮೂರನೆಯ ಸಾಲಿನಿಂದ ರೇಷ್ಮಾಳ ತಾಯಿ ಅಂದಳು, ಜೋರಾಗಿ ಅಲ್ಲ, ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿಯಲ್ಲಿ. ಈ ಸಲ ನಗೆ ಹೆಂಗಸರ ಕಡೆಯಿಂದ ಬಂತು, ಮೊದಲಿನದಕ್ಕಿಂತ ಉದ್ದವಾಗಿ.

ಅದಲ್ಲ, ಎಂದು ಸುವರ್ಣಾ ಹೇಳಲು ಹೋದಳು. ಅಳು ಬರಿಸುವುದಲ್ಲ, ಇನ್ನೊಂದು. ಹೇಳುವುದಕ್ಕಿಂತ ತೋರಿಸುವುದು ಸುಲಭವಿತ್ತು. ಸುತ್ತ ನೋಡಿದಳು, ಡಸ್ಟರ್ ಇರಲಿಲ್ಲ. ಸೆರಗಿನ ತುದಿ ಮುದ್ದೆ ಮಾಡಿ ಹಿಡಿದು ಮೇಲಿನ ಸಾಲನ್ನು ಒರೆಸಿದಳು. ಎಸ್ ಹೋಯಿತು, ಎ ಹೋಯಿತು, ಆರ್ ಹೋಯಿತು. ಎರಡು ಇ ಒಟ್ಟಿಗೆ ಹೋದವು. "ಹಿಂಗ" ಎಂದಳು. ಕೆಳಗಿನ ಸಾಲು ಉಳಿಯಿತು. ಬೂದು ಬಣ್ಣದ ಸೆರಗಿನ ಮೇಲೆ ಬಿಳಿ ಪುಡಿ ದಪ್ಪಗೆ ಕೂತಿತ್ತು. ಚನಮಲ್ಲಪ್ಪ ಸಾಹುಕಾರರು ಹಲಗೆ ನೋಡಿದರು, ನಗುತ್ತಿದ್ದ ಹೆಂಗಸರ ಸಾಲುಗಳನ್ನು ನೋಡಿದರು. ಅಷ್ಟೂ ಮಂದಿ ದೀಪಾವಳಿಯ ಗಿರಾಕಿಗಳು. ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಮೊದಲನೆಯ ಬಹುಮಾನವಾಗಿ ಹನ್ನೆರಡು ವರ್ಷದ ಹುಡುಗಿಗೆ ಹನ್ನೆರಡು ಮೊಳದ ಸೀರೆ ಕೊಟ್ಟರು. ಅಜಯ ಗೆದ್ದಿದ್ದರೆ ಅವನಿಗೂ ಅದೇ ಸಿಗುತ್ತಿತ್ತು.

ಎಲ್ಲ ಮುಗಿದ ಮೇಲೆ ವಿಠೋಬಾ ಅವಳ ಪಕ್ಕದಿಂದ ಹಾದು ಹೋದರು. ಕೈಯಲ್ಲಿ ಹಳದಿ ಫೈಲು. "ಆರ್ಡರ್ ಮುಂದಿನ ಮೀಟಿಂಗಿಗೆ ಇಡೂಣು ಅಂದ್ರು ರೀ ಸಾಹುಕಾರ್ರು" ಎಂದರು. ಕಣ್ಣು ಎತ್ತಲಿಲ್ಲ. ಮುಂದಿನ ಮೀಟಿಂಗು ಯಾವಾಗ ಎಂದು ಅವಳು ಕೇಳಲಿಲ್ಲ. ಈ ಸಲ ತಲೆಯನ್ನೂ ಆಡಿಸಲಿಲ್ಲ, ಆದ್ದರಿಂದ ಅವರು ಒಂದಿಷ್ಟು ಹೊತ್ತು ಮುಂದಕ್ಕೂ ಹೋಗದೆ, ಹಿಂದಕ್ಕೂ ಬರದೆ ನಿಂತರು.

ಚಾದರ ಬಗಲಲ್ಲಿಟ್ಟುಕೊಂಡು ಶಾಲೆಯ ಹಿಂದಿನ ಗೇಟಿನಿಂದ ಹೊರಟಳು. ನೀರಿನ ಟಾಕಿಯ ಹತ್ತಿರ ರೇಷ್ಮಾ ಮತ್ತು ತಾಯಿ ನಿಂತಿದ್ದರು. ತಾಯಿ ಪಾಕೀಟು ಹರಿದು ಸೀರೆಯ ಅಂಚನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

"ನಾ ಅನಸವ್ವ ರೀ ಅಕ್ಕಾರ, ಇಕಿ ಅವ್ವ. ಇಲ್ಲೆ ನೋಡ್ರಿ, ಅಂಚಿನ್ಯಾಗ ಒಂದು ಎಳಿ ತಪ್ಪೈತಿ. ಇದು ನಾನ ನೇದದ್ದು. ನನ್ನ ಕೈ ನನಗ ಗೊತ್ತಾಗೂದಿಲ್ಲೇನ್ರಿ? ಹೋದ ತಿಂಗಳ ಸಾಹುಕಾರ್ರ ಅಂಗಡ್ಯಾಗ ಇದಕ್ಕ ತಪ್ಪು ಹಾಕಿ ಡ್ಯಾಮೇಜ್ ಗಂಟಿನ್ಯಾಗ ಇಟ್ಟಿದ್ರು. ಈಗ ಬಹುಮಾನ ಆಗಿ ನಮ್ಮನಿಗೆ ತಿರುಗಿ ಬಂತು."

ಸುವರ್ಣಾ ಬಗ್ಗಿ ನೋಡಿದಳು. ತಪ್ಪು ಎಲ್ಲಿದೆಯೆಂದು ತೋರಿಸಿದರೂ ಅವಳಿಗೆ ಕಾಣಲಿಲ್ಲ. ಹಸಿರು ಸೀರೆ, ಕೆಂಪು ಅಂಚು.

"ನೇದದ್ದನ್ನ ಮನಿಗೆ ಒಯ್ದು ಏನ್ ಮಾಡ್ಲಿ ರೀ" ಎಂದಳು ಅನಸವ್ವ, ಅವಳ ಬಗಲಿನ ಪಾಕೀಟು ನೋಡುತ್ತ. "ಚಳಿ ಬಂತು. ನಿಮಗ ಚಾದರ ಕೊಟ್ಟಾರ, ನನಗ ಸೀರಿ ಕೊಟ್ಟಾರ. ಅದಲು ಬದಲು ಮಾಡೂಣೇನ್ರಿ?"

"ಇದು ಸಿಂಗಲ್ ಐತಿ."

"ಇರಲಿ ಬಿಡ್ರಿ. ನಮ್ಮನ್ಯಾಗ ಸಿಂಗಲ್ಲಿನ್ಯಾಗ ಮೂರು ಮಂದಿ ಮಲಗತೇವಿ."

ಕೊಟ್ಟಳು, ತೆಗೆದುಕೊಂಡಳು. ಕುಂಕುಮ ಇರಲಿಲ್ಲ, ಮೈಕು ಇರಲಿಲ್ಲ. ಅನಸವ್ವ ಚಾದರದ ದಪ್ಪವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, ಸೊಲ್ಲಾಪುರದವರ ಕೆಲಸ ಪರವಾಗಿಲ್ಲ ಎಂದು ತೀರ್ಪು ಕೊಟ್ಟಳು. ಸುವರ್ಣಾ ಹುಡುಗಿಯ ಕಡೆ ತಿರುಗಿದಳು. ಬೆಳಗಿನಿಂದ ಕೇಳಬೇಕೆಂದಿದ್ದದ್ದು ಅದೊಂದೇ.

"ಆ ಶಬ್ದ ನಿನಗ ಹೆಂಗ ಗೊತ್ತಾತು ರೇಷ್ಮಾ?"

"ಅಪ್ಪನ ಮೊಬೈಲಿನ್ಯಾಗ ಐತ್ರಿ ಮಿಸ್. ಮೆಸೇಜ್ ತಗದು ಕೆಳಗಿನ ಬಟನ್ ಒತ್ತಿದ್ರ ಮೊದಲ ಅದ ಬರತೈತಿ. ನೀವು ನೋಡಿಲ್ಲೇನ್ರಿ?"

ಬ್ಯಾಗಿನೊಳಗಿನ ಮೊಬೈಲು ಸೊಂಟಕ್ಕೆ ಒತ್ತುತ್ತಿತ್ತು. "ನೋಡೇನಿ" ಎಂದಳು. ಎರಡು ವರ್ಷದಿಂದ ದಿನಾ. "ಅದನ್ನ ಒತ್ತಿದ್ರ ಏನಾಗತೈತಿ?"

"ಖರೇನ ತಗದು ಹಾಕ್ಲೇನು ಅಂತ ಕೇಳತೈತ್ರಿ. ನಮ್ಮಪ್ಪ ಒತ್ತೂದ ಇಲ್ಲ. ಎಲ್ಲಾ ಇಟ್ಟು ಇಟ್ಟು ಬಾಕ್ಸ್ ತುಂಬಿ ಬಿಡತೈತಿ, ಹೊಸಾವು ಬರೂದ ಬಂದ್ ಆಗತಾವು. ಆವಾಗ ನಾನ ಕುಂತು ಒಂದೊಂದ ತಗೀತೇನ್ರಿ."

"ತಗದ ಮ್ಯಾಲೆ?"

"ಹೊಸಾವು ಬರತಾವ್ರಿ ಮಿಸ್." ಹುಡುಗಿ ಸ್ವಲ್ಪ ವಿಚಾರ ಮಾಡಿ, ಸುಳ್ಳು ಹೇಳಬಾರದೆಂಬಂತೆ ಸೇರಿಸಿದಳು, "ಬರೇ ಕಂಪನಿಯವು. ರೀಚಾರ್ಜ್ ಮಾಡ್ರಿ ಅಂತ."

ಸುವರ್ಣಾಗೆ ನಗು ಬಂತು. ಎಷ್ಟು ದಿನದ ಮೇಲೆ ಬಂದದ್ದೋ, ಹೇಗೆ ನಗಬೇಕೆಂಬುದು ಮರೆತಂತಾಗಿ ಅದು ಗಂಟಲಲ್ಲಿ ಎಡವಿತು, ತಿರುಗಿ ಬಂತು, ಹೊರಗೆ ಬರುವಾಗ ಬೇರೆ ಏನೋ ಆಗಿ ಬಂತು. ನಿಲ್ಲಿಸಲು ಖಡುವಿನ ಸೆರಗನ್ನೇ ಬಾಯಿಗೆ ಒತ್ತಿದಳು. ಟಾಕಿಯ ಗೋಡೆ ಹಿಡಿದಳು. ಅನಸವ್ವ ಚಾದರವನ್ನು ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಏ ರೇಷ್ಮಾ, ಅಕ್ಕಾರನ್ನ ಯಾಕ ಅಳಸಾಕತ್ತೀ ಬೇ?"

"ನಾ ಏನೂ ಮಾಡಿಲ್ಲ ಯವ್ವಾ" ಎಂದಳು ಹುಡುಗಿ. "ಬರೇ ಶಬ್ದ ಹೇಳೇನಿ."